ನೆಲ ಡೊಂಕೇ ಇರುವಾಗ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬರೆಯುವ ಸಲಕರಣೆಯನ್ನು ತಾವೇ ತಿದ್ದಿಕೊಳ್ಳಲು ಹೊರಟವರಿಗೆ ಈ ಗಾದೆಯನ್ನು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಎಡಿಟರಿಗೆ ಬಣ್ಣ ಬಳಿಯುತ್ತಾ, ಒಂದು ಪ್ಯಾಕೇಜ್ ಹಾಕಿ ಇನ್ನೊಂದನ್ನು ತೆಗೆಯುತ್ತಾ ಭಾನುವಾರವೆಲ್ಲ ಕಳೆಯಿತು, ಪ್ರಬಂಧ ಮಾತ್ರ ಒಂದು ಪುಟವೂ ಮುಂದೆ ಹೋಗಲಿಲ್ಲ; ಬರೆಯಬೇಕೆಂದಿರುವವರು ಯಾವುದರಲ್ಲಾದರೂ ಬರೆಯುತ್ತಾರೆ ಎಂಬುದು ಆರೋಪ. ಮನೆಯವರೂ ಹೇಳುತ್ತಾರೆ, ಪಿಎಚ್‌ಡಿ ಗೈಡೂ ಹೇಳುತ್ತಾರೆ, ಕಚೇರಿಯ ಗೆಳೆಯರೂ ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಗಾದೆ ಒಂದು ಪ್ರಶ್ನೆಯನ್ನು ಕೇಳದೆಯೇ ತೀರ್ಪು ಕೊಟ್ಟುಬಿಡುತ್ತದೆ: ನೆಲ ನಿಜಕ್ಕೂ ಡೊಂಕಾಗಿದ್ದರೆ?

ಇಂಗ್ಲಿಷಿನಲ್ಲಿ ಬರೆಯುವವರಿಗೆ ನೆಲ ಬಹುಮಟ್ಟಿಗೆ ಸಮವಾಗಿದೆ. ಕೀಲಿಮಣೆ ಅವರದು, ಕಾಗುಣಿತ ಪರೀಕ್ಷಕ ಅವರದು, ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಟರ್ಮಿನಲ್ಲಿನ ಲೆಕ್ಕವೂ ಅವರ ಲಿಪಿಗೆ ಹೊಂದುವಂಥದ್ದು. ಕನ್ನಡದ ವಿಷಯ ಹಾಗಲ್ಲ. 'ಸ್ತ್ರೀ' ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತಗಳ ಸಾಲು. ಅಳಿಸುವ ಕೀಲಿ ಒತ್ತಿದರೆ ಬರೀ ದೀರ್ಘ ಹೋಗಬೇಕೋ, ಇಡೀ ಒತ್ತಕ್ಷರ ಹೋಗಬೇಕೋ? ಇದನ್ನು ಪ್ರತಿಯೊಂದು ತಂತ್ರಾಂಶದಲ್ಲೂ ಯಾರೋ ಎಲ್ಲೋ ಕೂತು ತೀರ್ಮಾನಿಸಿದ್ದಾರೆ, ಬಹುಪಾಲು ಕನ್ನಡ ಬಾರದವರು. ಹಳಗನ್ನಡದ 'ೞ' ಅಕ್ಷರವನ್ನೇ ನೋಡಬಹುದು. ಯೂನಿಕೋಡ್ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು 'ಕನ್ನಡ ಲೆಟರ್ ಫಾ'. ತಪ್ಪು ಗೊತ್ತಾದ ಮೇಲೂ ಹೆಸರನ್ನು ಬದಲಿಸಲಾಗಲಿಲ್ಲ, ಏಕೆಂದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ತಿದ್ದುಪಡಿಯೆಂದು ಇನ್ನೊಂದು ಹೆಸರನ್ನು ಪಕ್ಕದಲ್ಲಿ ಸೇರಿಸಿ ಸುಮ್ಮನಾದರು. ಪಂಪನನ್ನು ಓದುವ ವಿದ್ಯಾರ್ಥಿಗೆ 'ೞ', 'ಱ' ಎರಡೂ ದಿನಕ್ಕೆ ಹತ್ತು ಸಲ ಬೇಕಾಗುವ ಅಕ್ಷರಗಳು. ಅವುಗಳಿಗೆ ಸುಲಭವಾದ ಒಂದು ಕೀಲಿ ಬೇಕೆಂದರೆ ಯಾವ ಕಂಪನಿಗೆ ಅರ್ಜಿ ಹಾಕಬೇಕು?

ಅರ್ಜಿ ಹಾಕಬೇಕಾಗಿಲ್ಲ. ತಾನೇ ತಿದ್ದಿಕೊಳ್ಳಲು ಬಿಡುವ ಸಲಕರಣೆಗಳು ಅರ್ಧ ಶತಮಾನದಿಂದ ಇವೆ. ಅವುಗಳಲ್ಲಿ ಹಿರಿಯದು ಈಮ್ಯಾಕ್ಸ್. 1976ರಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ, ಟೆಕೋ ಎಂಬ ಹಳೆಯ ಎಡಿಟರಿನ ಮೇಲೆ ಹಲವರು ಬರೆದಿಟ್ಟಿದ್ದ ಮ್ಯಾಕ್ರೋಗಳನ್ನು ಒಟ್ಟುಗೂಡಿಸಿ ರಿಚರ್ಡ್ ಸ್ಟಾಲ್ಮನ್ ಮತ್ತು ಗೈ ಸ್ಟೀಲ್ ಅದಕ್ಕೆ ರೂಪ ಕೊಟ್ಟರು. ಇಂದು ಬಳಕೆಯಲ್ಲಿರುವ ಗ್ನೂ ಈಮ್ಯಾಕ್ಸ್ 1985ರಲ್ಲಿ ಹೊರಬಂತು. ಅಂದರೆ ಅದು ಹುಟ್ಟಿದ್ದೇ ಬಳಸುವವರ ತಿದ್ದುಪಡಿಗಳಿಂದ. ಕೀಲಿ ಒತ್ತಿದಾಗ ಏನಾಗಬೇಕು ಎಂಬುದೆಲ್ಲ ಲಿಸ್ಪ್ ಭಾಷೆಯ ಒಂದು ಬಗೆಯಲ್ಲಿ ಬರೆದ ಸಾಲುಗಳು. ಆ ಸಾಲುಗಳನ್ನು ತೆರೆದು ಓದಬಹುದು, ಬದಲಿಸಬಹುದು. ಒಬ್ಬರು ಬದಲಿಸಿದ್ದು ಇನ್ನೊಬ್ಬರಿಗೂ ಬೇಕೆನಿಸಿದರೆ ಅದೇ ಪ್ಯಾಕೇಜ್. 2012ರ 24ನೆಯ ಆವೃತ್ತಿಯಿಂದ ಇಂಥ ಪ್ಯಾಕೇಜುಗಳನ್ನು ತರಿಸಿಕೊಳ್ಳುವ ವ್ಯವಸ್ಥೆ ಈಮ್ಯಾಕ್ಸಿನ ಒಳಗೇ ಇದೆ.

ಇದೆಲ್ಲ ಪ್ರೋಗ್ರಾಮರುಗಳ ಆಟ, ಕನ್ನಡ ಎಂಎ ಓದುವವರಿಗೂ ಬ್ಯಾಂಕಿನ ಗುಮಾಸ್ತರಿಗೂ ಏನು ಸಂಬಂಧ ಎಂಬ ಮಾತು ತಕ್ಷಣ ಬರುತ್ತದೆ. ಅದಕ್ಕೆ ಉತ್ತರ ಹಳೆಯದು. 1978ರ ಸುಮಾರಿಗೆ ಬರ್ನಾರ್ಡ್ ಗ್ರೀನ್‌ಬರ್ಗ್ ಎಂಬವರು ಮಲ್ಟಿಕ್ಸ್ ಗಣಕಕ್ಕೆ ಒಂದು ಈಮ್ಯಾಕ್ಸ್ ಬರೆದರು. ಅವರ ಕಚೇರಿಯ ಕಾರ್ಯದರ್ಶಿಗಳು, ಅಂದರೆ ಪತ್ರ ಟೈಪ್ ಮಾಡುವ ಸಿಬ್ಬಂದಿ, ಅದಕ್ಕೆ ತಮಗೆ ಬೇಕಾದ ಹೊಸ ಆಜ್ಞೆಗಳನ್ನು ತಾವೇ ಬರೆದುಕೊಳ್ಳತೊಡಗಿದರಂತೆ. ಅವರ ಕೈಯಲ್ಲಿದ್ದ ಕೈಪಿಡಿ ಎಡಿಟರನ್ನು ವಿಸ್ತರಿಸುವ ಬಗೆಯನ್ನು ಹೇಳುತ್ತಿತ್ತು. ಅದು ಪ್ರೋಗ್ರಾಮಿಂಗ್ ಎಂದು ಮಾತ್ರ ಎಲ್ಲೂ ಹೇಳಿರಲಿಲ್ಲ. ತಮಗೆ ಪ್ರೋಗ್ರಾಮಿಂಗ್ ಬರುವುದಿಲ್ಲ ಎಂದುಕೊಂಡಿದ್ದವರು ಹೆಸರು ಗೊತ್ತಿಲ್ಲದ ಕಾರಣ ಹೆದರಲಿಲ್ಲ. 2002ರ ಒಂದು ಭಾಷಣದಲ್ಲಿ ಸ್ಟಾಲ್ಮನ್ ಹೇಳಿದ ಈ ಪ್ರಸಂಗವನ್ನು, "ನಮಗೆ ಇದೆಲ್ಲ ಆಗುವುದಿಲ್ಲ" ಎನ್ನುವ ಪ್ರತಿಯೊಬ್ಬರೂ ಒಮ್ಮೆ ಕೇಳಬೇಕು. ಆಗದಿರುವುದು ಕೆಲಸದಿಂದಲ್ಲ, ಕೆಲಸದ ಹೆಸರಿನಿಂದ.

ಹಾಗಾದರೆ ತಿದ್ದಿಕೊಳ್ಳುವುದು ಎಂದರೆ ನಿಜದಲ್ಲಿ ಏನು? ಮುಂಬೈ ಅಥವಾ ಮದ್ರಾಸ್ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಸಂಶೋಧನೆ ಮಾಡುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಆಕೆಯ ಲ್ಯಾಪ್‌ಟಾಪಿನ ಕೀಲಿಮಣೆ ಇಂಗ್ಲಿಷ್. ಈಮ್ಯಾಕ್ಸಿನಲ್ಲಿ ಕನ್ನಡ ಮೂಡಿಸುವ ವಿಧಾನಗಳು ಮೊದಲೇ ಇವೆ: ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರದಂತೆ ಟೈಪಿಸುವ ಐಟ್ರಾನ್ಸ್, ಮತ್ತು ಸರ್ಕಾರಿ ಮಾನಕವಾದ ಇನ್‌ಸ್ಕ್ರಿಪ್ಟ್. ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟರೆ, ಕಂಟ್ರೋಲ್ ಮತ್ತು ಬ್ಯಾಕ್‌ಸ್ಲ್ಯಾಶ್ ಒತ್ತಿದಾಗ ಕನ್ನಡ, ಮತ್ತೆ ಒತ್ತಿದಾಗ ಇಂಗ್ಲಿಷ್. ಹಳಗನ್ನಡದ ಎರಡು ಅಕ್ಷರಗಳಿಗೆ ತನಗೆ ನೆನಪಿರುವ ಕೀಲಿ ಬೇಕೆಂದರೆ ಇನ್ನೆರಡು ಸಾಲು. 2020ರ 27ನೆಯ ಆವೃತ್ತಿಯಿಂದ ಈಮ್ಯಾಕ್ಸ್ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಬಳಸುತ್ತದೆ. ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಬಳಸುವುದೂ ಅದನ್ನೇ. ಹೀಗಾಗಿ ಒತ್ತಕ್ಷರಗಳು ಒಡೆಯದೆ ಮೂಡುತ್ತವೆ. ಹಿಂದಕ್ಕೆ ಅಳಿಸುವ ಕೀಲಿ 'ಸ್ತ್ರೀ'ಯ ದೀರ್ಘವನ್ನಷ್ಟೇ ತೆಗೆಯುತ್ತದೆ, ಮುಂದಕ್ಕೆ ಅಳಿಸುವ ಡಿಲೀಟ್ ಕೀಲಿ ಇಡೀ ಅಕ್ಷರವನ್ನು ತೆಗೆಯುತ್ತದೆ. ಇದು ಹಿಡಿಸದಿದ್ದರೆ ಅದನ್ನೂ ಬದಲಿಸಿಕೊಳ್ಳಬಹುದು. ಇಷ್ಟಕ್ಕೆ ಹೊರಗಿನಿಂದ ಒಂದೂ ಪ್ಯಾಕೇಜ್ ಬೇಕಾಗಿಲ್ಲ.

ಟಿಪ್ಪಣಿಗಳ ಕಥೆಯೂ ಹಾಗೆಯೇ. ಆರ್ಗ್ ಎಂಬ ಪ್ಯಾಕೇಜನ್ನು 2003ರಲ್ಲಿ ಬರೆದವರು ಕಾರ್ಸ್ಟನ್ ಡೊಮಿನಿಕ್, ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ. ತಮ್ಮ ಟಿಪ್ಪಣಿ ಮತ್ತು ಕೆಲಸಗಳ ಪಟ್ಟಿಯನ್ನು ಅಚ್ಚುಕಟ್ಟಾಗಿಡಲು ಅವರು ಮಾಡಿಕೊಂಡದ್ದು 2007ರಲ್ಲಿ ಈಮ್ಯಾಕ್ಸಿನ ಭಾಗವೇ ಆಯಿತು. ಇಂದು ಅದರಲ್ಲಿ ಅಧ್ಯಾಯ, ಉಪ ಅಧ್ಯಾಯಗಳನ್ನು ಮಡಚಿಡಬಹುದು, ಮಾಡಬೇಕಾದ ಕೆಲಸಕ್ಕೆ ತಾರೀಖು ಹಾಕಬಹುದು, ಉಲ್ಲೇಖಗಳನ್ನು ಸೇರಿಸಬಹುದು, ಎಲ್ಲವನ್ನೂ ಕೊನೆಗೆ ಪಿಡಿಎಫ್ ಅಥವಾ ವೆಬ್ ಪುಟವಾಗಿ ಹೊರಡಿಸಬಹುದು. ಅಷ್ಟೆಲ್ಲ ಮಾಡಿದರೂ ಮೂಲ ಫೈಲು ಬರೀ ಪಠ್ಯ. ನಾಳೆ ಈಮ್ಯಾಕ್ಸೇ ಇಲ್ಲವಾದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು.

ಈ ಕೊನೆಯ ಮಾತಿನ ಬೆಲೆ ಹೊರನಾಡ ಕನ್ನಡ ಸಂಘಗಳಿಗೆ ಚೆನ್ನಾಗಿ ಗೊತ್ತಿರಬೇಕು. ಹಳೆಯ ಕಾಲದ ಸ್ಮರಣ ಸಂಚಿಕೆಗಳ ಫೈಲುಗಳನ್ನು ಇಂದು ತೆರೆದರೆ ಕಾಣುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಅದೇ ಫಾಂಟ್ ಇಲ್ಲದೆ ಆ ಫೈಲಿನಲ್ಲಿ ಕನ್ನಡವೇ ಇಲ್ಲ. ಆ ಕಾಲಕ್ಕೆ ಅದು ಬಿಟ್ಟು ಬೇರೆ ದಾರಿ ಇರಲಿಲ್ಲ, ದಾರಿ ಮಾಡಿಕೊಟ್ಟವರ ಋಣ ದೊಡ್ಡದು. ಈಗ ದಾರಿ ಇದೆ. ಇದ್ದೂ ಹತ್ತು ವರ್ಷದ ಟಿಪ್ಪಣಿಗಳನ್ನು ಯಾವುದೋ ಆ್ಯಪಿನ ಒಳಗೆ, ಆ ಆ್ಯಪಿಗೆ ಮಾತ್ರ ಅರ್ಥವಾಗುವ ರೂಪದಲ್ಲಿ ತುಂಬಿಡುವುದು ಅದೇ ತಪ್ಪನ್ನು ಎರಡನೆಯ ಸಲ ಮಾಡಿದಂತೆ. ಈ ಸಲ ಗೊತ್ತಿದ್ದೂ.

"ಅದಕ್ಕೆಲ್ಲ ಈಮ್ಯಾಕ್ಸ್ ಏಕೆ, ದೊಡ್ಡ ಕಂಪನಿಗಳ ಹೊಸ ಎಡಿಟರುಗಳಿಗೂ ಸಾವಿರಾರು ಪ್ಯಾಕೇಜುಗಳಿವೆಯಲ್ಲ" ಎಂದು ಕೇಳುವವರಿದ್ದಾರೆ. ಇವೆ. ಆದರೆ ಬಾಡಿಗೆ ಮನೆಗೆ ಮೊಳೆ ಹೊಡೆಯುವಾಗ ಮನೆ ಯಾರದೆಂಬ ನೆನಪಿರಬೇಕು. 2014ರಲ್ಲಿ ಗಿಟ್‌ಹಬ್ ಕಂಪನಿ ಆ್ಯಟಂ ಎಂಬ ಎಡಿಟರನ್ನು ತಂದಿತು. 21ನೆಯ ಶತಮಾನದ ಎಡಿಟರ್ ಎಂದೇ ಅದು ತನ್ನನ್ನು ಕರೆದುಕೊಂಡಿತ್ತು. 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ಬನ್ನು ಕೊಂಡಿತು. ಮೈಕ್ರೋಸಾಫ್ಟಿನ ಬಳಿ ವಿಎಸ್ ಕೋಡ್ ಎಂಬ ತನ್ನದೇ ಎಡಿಟರ್ ಇತ್ತು. 2022ರ ಡಿಸೆಂಬರ್ 15ಕ್ಕೆ ಆ್ಯಟಂ ಮುಚ್ಚಿತು. 21ನೆಯ ಶತಮಾನ ಎಂಟು ವರ್ಷಕ್ಕೆ ಮುಗಿಯಿತು. ಸೋರ್ಸ್ ಕೋಡ್ ತೆರೆದಿದ್ದರಿಂದ ಕೆಲವರು ಅದನ್ನು ಪಲ್ಸರ್ ಎಂಬ ಹೆಸರಿನಲ್ಲಿ ಕಾಪಾಡಿಕೊಂಡು ಬರುತ್ತಿದ್ದಾರೆ. ಆದರೆ ಪೇಟೆ ಮುಚ್ಚಿದ ಮೇಲೆ ಅಂಗಡಿ ತೆರೆದಿಟ್ಟಂತೆ ಅದು. ವಿಎಸ್ ಕೋಡಿನ ಮೂಲವೂ ಮುಕ್ತವೇ. ಆದರೆ ಮೈಕ್ರೋಸಾಫ್ಟ್ ಹಂಚುವ ಪ್ರತಿಗೆ ಬೇರೆ ಲೈಸೆನ್ಸ್ ಇದೆ, ಅದರ ಪ್ಯಾಕೇಜ್ ಮಳಿಗೆಯನ್ನು ಆ ಕಂಪನಿಯ ಉತ್ಪನ್ನಗಳಿಂದ ಮಾತ್ರ ಬಳಸಬೇಕೆಂಬ ಷರತ್ತಿದೆ. ಅದೇ ಮೂಲದಿಂದ ಕಟ್ಟಿದ ವಿಎಸ್‌ಕೋಡಿಯಂ ಬೇರೆ ಮಳಿಗೆಯನ್ನು ಹುಡುಕಿಕೊಳ್ಳಬೇಕಾಯಿತು. ಅಲ್ಲಿ ತಿದ್ದಿಕೊಳ್ಳಬಹುದು, ಮಾಲೀಕರು ಬಿಡುವವರೆಗೆ.

ಇಷ್ಟು ಹೇಳಿದ ಮೇಲೆ ಗಾದೆ ಹೇಳುವವರ ಮಾತಿನ ಹುರುಳನ್ನೂ ಒಪ್ಪಬೇಕು, ಏಕೆಂದರೆ ತಿದ್ದುವವರಲ್ಲೇ ಒಂದು ಕೆಟ್ಟ ಚಾಳಿ ಇದೆ. ನೂರಿಪ್ಪತ್ತು ಪ್ಯಾಕೇಜ್ ಹಾಕಿ, ಅವುಗಳಲ್ಲಿ ನೂರು ಏನು ಮಾಡುತ್ತವೆಂದು ಗೊತ್ತಿಲ್ಲದೆ, ತೆರೆ ಚಂದ ಕಾಣುತ್ತದೆ ಎಂದು ಬೀಗುವವರು ಏನನ್ನೂ ತಿದ್ದಿಕೊಂಡಿಲ್ಲ. ಬೇರೆಯವರ ಅಭ್ಯಾಸಗಳನ್ನು ಸಗಟಾಗಿ ತಂದು ಮನೆ ತುಂಬಿಕೊಂಡಿದ್ದಾರೆ, ಅಷ್ಟೆ. ಡೂಮ್, ಸ್ಪೇಸ್‌ಮ್ಯಾಕ್ಸ್‌ನಂಥ ಸಿದ್ಧ ಜೋಡಣೆಗಳು ಜಾಣತನದಿಂದ ಮಾಡಿದಂಥವು. ಆದರೆ ಮೊದಲ ದಿನವೇ ಅವುಗಳಿಂದ ಶುರುಮಾಡಿದವರಿಗೆ ಏನಾದರೂ ಕೆಟ್ಟಾಗ ಕೆಟ್ಟದ್ದು ಈಮ್ಯಾಕ್ಸೋ, ಜೋಡಣೆಯೋ, ಪ್ಯಾಕೇಜೋ ತಿಳಿಯುವುದಿಲ್ಲ. ಪ್ರಬಂಧ ಒಪ್ಪಿಸುವ ಹಿಂದಿನ ರಾತ್ರಿ ಅಪ್‌ಡೇಟ್ ಮಾಡಿ ತಲೆ ಮೇಲೆ ಕೈ ಹೊತ್ತು ಕೂರುವವರು ಇವರೇ.

ಅಪಾಯ ಕಾಲಹರಣದ್ದು ಮಾತ್ರವಲ್ಲ. ಎಡಿಟರಿಗೆ ಹಾಕಿದ ಪ್ಯಾಕೇಜ್ ಸಾಮಾನ್ಯವಾಗಿ ಬಳಸುವವರ ಎಲ್ಲ ಅಧಿಕಾರದೊಂದಿಗೇ ಓಡುತ್ತದೆ. ಅವರು ಓದಬಲ್ಲ ಫೈಲನ್ನೆಲ್ಲ ಅದೂ ಓದಬಲ್ಲದು. 2016ರ ಮಾರ್ಚಿನಲ್ಲಿ ಜಾವಾಸ್ಕ್ರಿಪ್ಟ್ ಲೋಕದಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ವಾಪಸ್ ತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಅಸಂಖ್ಯ ಯೋಜನೆಗಳು ಒಮ್ಮೆಲೇ ನಿಂತವು. ಪದದ ಎಡಗಡೆ ಖಾಲಿ ಜಾಗ ಸೇರಿಸುವುದಷ್ಟೇ ಅದರ ಕೆಲಸವಾಗಿತ್ತು. ಯಾರೋ ಬರೆದ ಹನ್ನೊಂದು ಸಾಲನ್ನು ಓದಿ ನೋಡದೆ ತಂದವರಿಗೆ ಆದ ಪಾಠ ಎಡಿಟರಿಗೂ ಅನ್ವಯಿಸುತ್ತದೆ.

ಹಾಗಾಗಿ ಒಂದು ಕಟ್ಟುನಿಟ್ಟು ಬೇಕು. ಒಂದೇ ತೊಂದರೆ ಕೆಲಸದ ಮಧ್ಯೆ ಮೂರು ಸಲ ಅಡ್ಡ ಬಂದ ಮೇಲಷ್ಟೇ ಅದಕ್ಕೆ ಮದ್ದು ಹುಡುಕಬೇಕು. ಮೊದಲು ಎಡಿಟರಿನೊಳಗೇ ಮದ್ದು ಇದೆಯೇ ನೋಡಬೇಕು. ಬಹಳ ಸಲ ಇರುತ್ತದೆ. ಇಲ್ಲದಿದ್ದರೆ ಒಂದೇ ಒಂದು ಪ್ಯಾಕೇಜ್ ಹಾಕಿ, ಒಂದು ವಾರ ಬಳಸಿ, ಬೇಡವಾದರೆ ಕಿತ್ತುಹಾಕಬೇಕು. ಸೆಟ್ಟಿಂಗ್ಸ್ ಫೈಲಿನ ಪ್ರತಿ ಸಾಲಿನ ಮೇಲೂ ಅದನ್ನು ಏಕೆ ಹಾಕಿದ್ದು ಎಂದು ಒಂದು ವಾಕ್ಯ ಬರೆದಿಡಬೇಕು. ಕಾರಣ ಬರೆಯಲು ಬಾರದ ಸಾಲು ಆ ಫೈಲಿನಲ್ಲಿ ಇರಕೂಡದು. ಈ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಪ್ಯಾಕೇಜ್ ಸೇರಿದರೆ ಹೆಚ್ಚು.

ಈಮ್ಯಾಕ್ಸ್ ಎಲ್ಲದಕ್ಕೂ ಉತ್ತರ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮೊದಲ ಎರಡು ವಾರ ಕೈಗೆ ಹತ್ತುವುದಿಲ್ಲ, ಕೀಲಿಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಐದು ಜನ ಒಂದೇ ಬರಹವನ್ನು ಒಂದೇ ಹೊತ್ತಿಗೆ ತಿದ್ದಬೇಕಾದರೆ ಗೂಗಲ್ ಡಾಕ್ಸೇ ವಾಸಿ. ಎಷ್ಟೋ ಕಚೇರಿಗಳ ಲ್ಯಾಪ್‌ಟಾಪಿನಲ್ಲಿ ಹೊರಗಿನ ತಂತ್ರಾಂಶ ಹಾಕಲು ಬಿಡುವುದಿಲ್ಲ. ಆದರೆ ಇವೆಲ್ಲ ಎಲ್ಲಿ ಬಳಸಬೇಕು, ಎಲ್ಲಿ ಬೇಡ ಎಂಬುದಕ್ಕೆ ಕಾರಣಗಳು. ಕಲಿಯದಿರುವುದಕ್ಕೆ ಕಾರಣಗಳಲ್ಲ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಕನ್ನಡ ಕಲಿಸುವವರಿದ್ದಾರೆ, ನಾಟಕ ಆಡುವವರಿದ್ದಾರೆ, ಸಂಚಿಕೆ ತರುವವರಿದ್ದಾರೆ. ಸುತ್ತಲೂ ಬೇರೆ ಭಾಷೆಯಿರುವ ಊರಿನಲ್ಲಿ ಕನ್ನಡಕ್ಕೆ ಸಿದ್ಧ ಅನುಕೂಲ ಯಾವುದೂ ಇರುವುದಿಲ್ಲ, ಬೇಕಾದ್ದನ್ನು ತಾವೇ ಮಾಡಿಕೊಳ್ಳಬೇಕು ಎಂಬುದು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಭಾಂಗಣ ಹುಡುಕುವುದರಿಂದ ಹಿಡಿದು ಪಠ್ಯಪುಸ್ತಕ ತರಿಸುವವರೆಗೆ ಎಲ್ಲವನ್ನೂ ಹಾಗೆಯೇ ಮಾಡಿಕೊಂಡವರು, ಬರೆಯುವ ಸಲಕರಣೆಯ ಮುಂದೆ ಕೂತಾಗ ಮಾತ್ರ ಕೊಟ್ಟದ್ದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುವುದೇಕೆ? ಸಂಘದ ಒಂದು ಭಾನುವಾರದ ಮಧ್ಯಾಹ್ನವನ್ನು ಇದಕ್ಕೆ ಕೊಟ್ಟರೆ ಸಾಕು. ಕನ್ನಡಕ್ಕೆ ಬದಲಾಯಿಸುವ ಆ ಒಂದು ಸಾಲನ್ನು ಹತ್ತು ಜನರ ಲ್ಯಾಪ್‌ಟಾಪಿನಲ್ಲಿ ಬರೆಸಬಹುದು. ಮೇಲೆ ಅದರ ಕಾರಣವನ್ನೂ ಬರೆಸಬೇಕು, ಕನ್ನಡದಲ್ಲಿ.