ಬಾಕುವಿನಲ್ಲಿ ಕೇಳಿದ ನ್ಯಾಯ ಗಿಣಿಗೇರಿಗೆ ಏಕಿಲ್ಲ?

2024ರ ನವೆಂಬರಿನಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ ನಡೆದ ಹವಾಮಾನ ಶೃಂಗಸಭೆಯಲ್ಲಿ ಶ್ರೀಮಂತ ದೇಶಗಳು ಬೆಳೆಯುತ್ತಿರುವ ದೇಶಗಳಿಗೆ 2035ರ ವೇಳೆಗೆ ವರ್ಷಕ್ಕೆ 30,000 ಕೋಟಿ ಡಾಲರ್ ಹೊಂದಿಸುವುದಾಗಿ ಮಾತು ಕೊಟ್ಟವು. ಅಗತ್ಯವೆಂದು ಮುಂದಿಟ್ಟಿದ್ದು 1.3 ಲಕ್ಷ ಕೋಟಿ ಡಾಲರ್. ಭಾರತ ಸಭೆಯಲ್ಲೇ ಎದ್ದು ಆಕ್ಷೇಪಿಸಿತು, ಅದು ಸರಿಯೇ. ಹೊಗೆ ಉಗುಳಿ ಸಿರಿವಂತರಾದವರು ಹೆಚ್ಚು ಹೊರೆ ಹೊರಬೇಕು ಎಂಬುದು 1992ರ ರಿಯೊ ಸಮ್ಮೇಳನದಿಂದಲೂ ನಮ್ಮ ವಾದ. ಆದರೆ ಬಾಕು ಮುಗಿದು ಮೂರು ತಿಂಗಳಿಗೆ, ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಬಲ್ಡೋಟಾ ಸಮೂಹದ 54,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆ ಪ್ರಕಟವಾದಾಗ ಆ ವಾದ ಯಾರಿಗೂ ನೆನಪಾಗಲಿಲ್ಲ. ಜಾಗ ಕೊಪ್ಪಳ ನಗರದ ಮಗ್ಗುಲು. ಸಾಮರ್ಥ್ಯ ವರ್ಷಕ್ಕೆ 1.05 ಕೋಟಿ ಟನ್. ಅದನ್ನು ವಿರೋಧಿಸಿ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಶ್ರೀಗಳೇ ಬೀದಿಗಿಳಿದರು, ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಕೆಲಸ ನಿಲ್ಲಿಸಲು ಸೂಚಿಸಿದರು. ಜಗತ್ತಿನ ಮುಂದೆ ನಾವು ಕೇಳುವ ನ್ಯಾಯವನ್ನು ಮನೆಯೊಳಗೆ ಪಾಲಿಸದಿದ್ದರೆ ಹೊರಗಿನ ವಾದಕ್ಕೂ ಬಲವಿರುವುದಿಲ್ಲ.

ಕೊಪ್ಪಳ ಈಗಾಗಲೇ ಹೊತ್ತಿರುವುದೇನು ಎಂದು ನೋಡಿ. ಇಲ್ಲಿನ ಗಿಣಿಗೇರಿ, ಹಿರೇಬಗನಾಳ, ಹಾಲವರ್ತಿ ಗ್ರಾಮಗಳ ಸುತ್ತ ಸ್ಪಾಂಜ್ ಐರನ್ ಮತ್ತು ಉಕ್ಕಿನ ಘಟಕಗಳಿವೆ. ಮನೆಯ ಮಾಳಿಗೆ, ಬೆಳೆ, ಮೇವಿನ ಮೇಲೆ ಕರಿದೂಳು ಕೂರುತ್ತದೆಂಬುದು ಅಲ್ಲಿನವರ ಹಳೆಯ ದೂರು. ನೀರಿನ ಸ್ಥಿತಿಯೂ ಉತ್ತಮವಾಗಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ 132 ಟಿಎಂಸಿ. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಆ ಉಳಿಕೆಯೂ ಎಷ್ಟು ಅಸ್ಥಿರ ಎಂಬುದು ಗೊತ್ತಾಯಿತು. ಅದೇ ನೀರನ್ನು ಗಂಗಾವತಿಯ ಭತ್ತದ ಗದ್ದೆ, ಮೂರು ರಾಜ್ಯಗಳ ಕಾಲುವೆ, ಕಾರ್ಖಾನೆ ಎಲ್ಲವೂ ಹಂಚಿಕೊಳ್ಳಬೇಕು. ಅತ್ತ ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲಗಳ ನಡುವೆ ಗಾಳಿಯಂತ್ರಗಳು ನಿಂತಿವೆ. ದೇಶದ ಹಸಿರು ಇಂಧನದ ಲೆಕ್ಕಕ್ಕೂ ಈ ಜಿಲ್ಲೆ ತನ್ನ ಪಾಲು ಕೊಟ್ಟಾಗಿದೆ.

ದೇಶಕ್ಕೆ ಉಕ್ಕು ಬೇಡವೇ ಎನ್ನುತ್ತಾರೆ. ಬೇಕು. 2030-31ಕ್ಕೆ 30 ಕೋಟಿ ಟನ್ ಉತ್ಪಾದನಾ ಸಾಮರ್ಥ್ಯ ಎಂದು 2017ರ ರಾಷ್ಟ್ರೀಯ ಉಕ್ಕು ನೀತಿಯೇ ಗುರಿ ಹಾಕಿದೆ. ಆದರೆ ಆ ಗುರಿಯಲ್ಲಿ ಕೊಪ್ಪಳ ನಗರದ ಮಗ್ಗುಲೇ ಆಗಬೇಕು ಎಂದು ಬರೆದಿಲ್ಲ. ಉದ್ಯೋಗದ ಮಾತು ಇದಕ್ಕಿಂತ ತೂಕದ್ದು. ಗುಳೆ ಹೋಗುವ ತಾಲ್ಲೂಕುಗಳ ಯುವಕರಿಗೆ ಕೆಲಸ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಹಾಗೆಂದು ಕೆಲಸದ ಆಸೆ ತೋರಿಸಿ ಉಸಿರಾಟದ ಚೌಕಾಸಿ ಮಾಡಬಹುದೇ? ಇರುವ ಕಾರ್ಖಾನೆಗಳಲ್ಲಿ ಸ್ಥಳೀಯರು ಎಷ್ಟು ಮಂದಿ, ಯಾವ ಹುದ್ದೆಯಲ್ಲಿ, ಕಾಯಂ ಎಷ್ಟು, ಗುತ್ತಿಗೆ ಎಷ್ಟು ಎಂಬ ಪಟ್ಟಿ ಮೊದಲು ಹೊರಬರಲಿ, ಆಮೇಲೆ ಹೊಸ ಭರವಸೆ.

ಅಮೆರಿಕವೇ 2025ರ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದಕ್ಕೆ ಬೆನ್ನು ತಿರುಗಿಸಿದೆ, ಯುದ್ಧ-ಸುಂಕಗಳ ಗದ್ದಲದಲ್ಲಿ ನಾವೊಬ್ಬರೇ ಏಕೆ ನಿಯಮ ಹಿಡಿದು ಕೂರಬೇಕು ಎಂಬುದು ಇನ್ನೊಂದು ವಾದ. ಅಮೆರಿಕ ಹೊರನಡೆದರೆ ಗಿಣಿಗೇರಿಯ ದೂಳು ಕಡಿಮೆಯಾಗುವುದಿಲ್ಲವಲ್ಲ! ಯುರೋಪಿನ ದಾರಿಯೂ ಅಷ್ಟೇನೂ ಉದಾರವಲ್ಲ. 2026ರ ಜನವರಿಯಿಂದ ಜಾರಿಯಾದ ಅದರ ಇಂಗಾಲ ಗಡಿ ಶುಲ್ಕ, ಆಮದು ಉಕ್ಕಿನ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲವನ್ನು ಅಳೆದು ಹಣ ಕೇಳುತ್ತದೆ. ಹಣ ಸೇರುವುದು ಅವರ ಖಜಾನೆಗೆ. ದೂಳಿಗೆ, ಕೆಟ್ಟ ಬೋರ್‌ವೆಲ್ಲಿಗೆ ಅಲ್ಲಿ ಕಾಲಮ್ಮೇ ಇಲ್ಲ. ಭಾರತ ಅದನ್ನು ಏಕಪಕ್ಷೀಯ ಎಂದು ಜರಿಯುವುದರಲ್ಲಿ ಹುರುಳಿದೆ. ಆದರೆ ನಮ್ಮದೇ 2024ರ ಹಸಿರು ಉಕ್ಕಿನ ಮಾನದಂಡವೂ ಟನ್ ಉಕ್ಕಿಗೆ 2.2 ಟನ್‌ಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ ಹಸಿರು ಎಂದು ಮುದ್ರೆ ಒತ್ತುತ್ತದೆ. ಪಕ್ಕದ ಊರಿನ ಗಾಳಿ ಹೇಗಿದೆಯೆಂದು ಆ ಮುದ್ರೆಯೂ ಕೇಳುವುದಿಲ್ಲ.

ಹಾಗಾಗಿ ಕೊಪ್ಪಳದಲ್ಲಿ ಹೊಸ ಅನುಮತಿಗೆ ಮುನ್ನ ಇರುವ ಎಲ್ಲ ಕಾರ್ಖಾನೆಗಳ ಒಟ್ಟು ಹೊರೆಯನ್ನು, ಅಂದರೆ ಗಾಳಿ, ನೀರು, ಆರೋಗ್ಯ ಮೂರನ್ನೂ ಸೇರಿಸಿ, ಅಳೆಯಬೇಕು. ಈಗಿನ ಪದ್ಧತಿಯಲ್ಲಿ ಪ್ರತಿ ಯೋಜನೆಯೂ ತನ್ನ ಪರಿಸರ ಪರಿಣಾಮದ ವರದಿಯನ್ನು ತಾನೇ ದುಡ್ಡು ಕೊಟ್ಟು ಬರೆಸುತ್ತದೆ. ಈ ಒಟ್ಟು ಹೊರೆಯ ಅಧ್ಯಯನದ ಖರ್ಚು ಕಾರ್ಖಾನೆಗಳದ್ದಾಗಲಿ, ಅಳೆಯುವವರ ಆಯ್ಕೆ ಅವರದ್ದಾಗದಿರಲಿ. ಯುರೋಪ್ ಒಕ್ಕೂಟದ ಬ್ರಸೆಲ್ಸಿಗೆ ಟನ್ನಿನ ಲೆಕ್ಕದಲ್ಲಿ ಇಂಗಾಲದ ವಿವರ ಒಪ್ಪಿಸಬಲ್ಲ ಉದ್ಯಮಕ್ಕೆ ಹಾಲವರ್ತಿಯ ಜನರ ಮುಂದೆ ಕನ್ನಡದಲ್ಲಿ ದೂಳಿನ ಲೆಕ್ಕ ಇಡುವುದು ಕಷ್ಟವಾಗಬಾರದು.