ಒಂದೂಮುಕ್ಕಾಲು ಅಂಗುಲದೊಳಗಿನ ಬೇಗೆ: ಸರ್ವರ್ ತಣಿಸುವ ಬೆಲೆ ಎಷ್ಟು?

2022ರ ಜುಲೈ 19ರಂದು ಲಂಡನ್ ನಗರದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟಿತು. ಅಂದು ಅಲ್ಲಿನ ಗೈಸ್ ಅಂಡ್ ಸೇಂಟ್ ಥಾಮಸ್ ಆಸ್ಪತ್ರೆ ಸಮೂಹದ ಎರಡೂ ದತ್ತಾಂಶ ಕೇಂದ್ರಗಳು ಬಿಸಿಲಿನ ಹೊಡೆತಕ್ಕೆ ಸ್ಥಗಿತಗೊಂಡವು. ವೈದ್ಯರು ಮತ್ತೆ ಕಾಗದ, ಪೆನ್ನು ಹಿಡಿಯಬೇಕಾಯಿತು. ವ್ಯವಸ್ಥೆ ಪೂರ್ಣವಾಗಿ ಚೇತರಿಸಿಕೊಳ್ಳಲು ವಾರಗಳೇ ಹಿಡಿದವು. ಅದೇ ದಿನ ಗೂಗಲ್ ಮತ್ತು ಒರಾಕಲ್ ಸಂಸ್ಥೆಗಳ ಲಂಡನ್ ಕೇಂದ್ರಗಳಲ್ಲೂ ಶೀತಲೀಕರಣ ಕೈಕೊಟ್ಟಿತು. ಇದು ವೈರಸ್ ದಾಳಿಯಲ್ಲ, ಹ್ಯಾಕರ್‌ಗಳ ಕೈವಾಡವೂ ಅಲ್ಲ. ಯಂತ್ರಗಳು ಉಗುಳಿದ ಬಿಸಿಯನ್ನು ಹೊರಹಾಕಲು ಸಾಧ್ಯವಾಗದಿದ್ದುದೇ ಅನಾಹುತಕ್ಕೆ ಕಾರಣ.

ಸಮಸ್ಯೆಯ ಮೂಲವಿರುವುದು ಯಂತ್ರದ ಅಳತೆಯಲ್ಲಿ. ದತ್ತಾಂಶ ಕೇಂದ್ರಗಳ ರ್‍ಯಾಕ್‌ನಲ್ಲಿ ಒಂದರ ಮೇಲೊಂದು ಜೋಡಿಸುವ ತೆಳು ಸರ್ವರ್‌ನ ಎತ್ತರ ಕೇವಲ 1.75 ಅಂಗುಲ, ಅಂದರೆ ಸುಮಾರು 44 ಮಿಲಿಮೀಟರ್. ಈ ಅಳತೆ ದಶಕಗಳಿಂದ ಬದಲಾಗಿಲ್ಲ. ಬದಲಾಗಿರುವುದು ಒಳಗಿನ ಪ್ರೊಸೆಸರ್. ವಿಪರೀತ ಬಿಸಿಯೂ ಒಂದು ಕಾರಣವಾಗಿ 2004ರಲ್ಲಿ ಇಂಟೆಲ್ ಸಂಸ್ಥೆ ತನ್ನ ‘ಟೆಜಾಸ್’ ಯೋಜನೆಯನ್ನೇ ಕೈಬಿಟ್ಟು ಬಹು ತಿರುಳಿನ ಪ್ರೊಸೆಸರ್‌ಗಳತ್ತ ಹೊರಳಿತು. ಅದರಿಂದ ದೊರೆತದ್ದು ತಾತ್ಕಾಲಿಕ ಬಿಡುವು ಮಾತ್ರ. 2019ರ ಕ್ಸಿಯಾನ್ ಪ್ಲಾಟಿನಮ್ 8280 ಪ್ರೊಸೆಸರ್‌ನ ಉಷ್ಣ ಮಿತಿ 205 ವ್ಯಾಟ್ ಇದ್ದರೆ, 2024ರಲ್ಲಿ ಬಂದ ಎಎಮ್‌ಡಿಯ ಎಪಿಕ್ 9755 ಪ್ರೊಸೆಸರ್‌ನದು 500 ವ್ಯಾಟ್!

ಫ್ಯಾನ್‌ಗಳ ಲೆಕ್ಕಾಚಾರ

ಇಂಥ ಎರಡು ಪ್ರೊಸೆಸರ್‌ಗಳಿರುವ ಸರ್ವರ್ ಒಂದು ಕಿಲೊವ್ಯಾಟ್ ಬಿಸಿ ಉಗುಳುತ್ತದೆ ಎಂದುಕೊಳ್ಳೋಣ. ಹಾದುಹೋಗುವ ಗಾಳಿ 15 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದೆಂದರೆ ಪ್ರತಿ ಸೆಕೆಂಡಿಗೆ ಸುಮಾರು 55 ಲೀಟರ್ ಗಾಳಿಯನ್ನು ಅದರ ಮೂಲಕ ನೂಕಬೇಕು. ಪೆಟ್ಟಿಗೆ ತೆಳುವಾದ್ದರಿಂದ ಇಲ್ಲಿ ಹಿಡಿಸುವುದು 40 ಮಿಲಿಮೀಟರ್ ಅಗಲದ ಪುಟ್ಟ ಫ್ಯಾನ್‌ಗಳು ಮಾತ್ರ. ಗಾತ್ರದ ಕೊರತೆಯನ್ನು ಅವು ವೇಗದಿಂದ ತುಂಬಿಕೊಳ್ಳಬೇಕು. ಸರ್ವರ್ ಕೊಠಡಿಯ ಕಿವಿಗಡಚಿಕ್ಕುವ ಸದ್ದಿಗೆ ಇದೇ ಕಾರಣ.

ವೇಗಕ್ಕೆ ತೆರಬೇಕಾದ ಬೆಲೆಯೂ ದುಬಾರಿ. ಫ್ಯಾನ್ ಬಳಸುವ ವಿದ್ಯುತ್ ಅದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇ 20ರಷ್ಟು ತಗ್ಗಿಸಿದರೆ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹೀಗಾಗಿ ಸಣ್ಣಪುಟ್ಟ ಶಿಸ್ತಿಗೂ ಇಲ್ಲಿ ಮಹತ್ವವಿದೆ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಪೇಸ್ಟ್ ಒಣಗಿದರೆ, ಗಾಳಿಗೆ ದಾರಿ ತೋರುವ ಪ್ಲಾಸ್ಟಿಕ್ ಮುಚ್ಚಿಗೆಯನ್ನು ಮರಳಿ ಕೂರಿಸದಿದ್ದರೆ, ರ್‍ಯಾಕ್‌ನ ಖಾಲಿ ಜಾಗವನ್ನು ಮುಚ್ಚದೆ ಬಿಟ್ಟರೆ ಫ್ಯಾನ್‌ಗಳು ವ್ಯರ್ಥವಾಗಿ ದುಡಿಯುತ್ತವೆ. ಆಗಲೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಕೊನೆಗೆ ಯಂತ್ರವೇ ಬಂದ್ ಆಗುತ್ತದೆ. ಗ್ರಾಹಕನಿಗೆ ಕಾಣುವುದು ‘ಸರ್ವರ್ ಸ್ಲೋ’ ಎಂಬ ಉತ್ತರ ಮಾತ್ರ.

ಬೆಂಗಳೂರಿನ ಹವೆ ತಂಪು ಎಂಬ ನಂಬಿಕೆಗೂ ಇಲ್ಲೊಂದು ತೊಡಕಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ನಗರದ ಗಾಳಿ, ಅದೇ ತಾಪಮಾನದ ಮಂಗಳೂರಿನ ಗಾಳಿಗಿಂತ ಸುಮಾರು ಶೇ 10ರಷ್ಟು ತೆಳು. ಅಷ್ಟೇ ಬಿಸಿಯನ್ನು ಹೊರಸಾಗಿಸಲು ಇಲ್ಲಿ ಹೆಚ್ಚು ಗಾಳಿ ಬೇಕು.

ನೀರಿನತ್ತ ಹೊರಳಿದ ಉದ್ಯಮ

ಪರಿಹಾರವಾಗಿ ಉದ್ಯಮ ಈಗ ದ್ರವದ ಮೊರೆ ಹೋಗುತ್ತಿದೆ. ಮೇಲೆ ಹೇಳಿದ 55 ಲೀಟರ್ ಗಾಳಿಯ ಕೆಲಸವನ್ನು ಸುಮಾರು 16 ಮಿಲಿಲೀಟರ್ ನೀರು, ಅಂದರೆ ಮೂರು ಟೀ ಚಮಚದಷ್ಟು, ಮಾಡಬಲ್ಲದು. ಎನ್‌ವಿಡಿಯಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಜಿಬಿ200 ಎನ್‌ವಿಎಲ್72 ರ್‍ಯಾಕ್ ಒಂದೇ ಸುಮಾರು 120 ಕಿಲೊವ್ಯಾಟ್ ಬಳಸುತ್ತದೆ. ಅದನ್ನು ತಣಿಸಲು ಚಿಪ್‌ನ ಮೇಲೆಯೇ ದ್ರವ ಹರಿಯುವ ಫಲಕಗಳನ್ನು ಅಳವಡಿಸಲಾಗಿದೆ.

ಇಲ್ಲಿ ಎರಡು ಬಗೆಯ ನೀರನ್ನು ಪ್ರತ್ಯೇಕವಾಗಿ ನೋಡಬೇಕು. ಚಿಪ್‌ನ ಬಳಿ ಸುತ್ತುವ ದ್ರವ ಮುಚ್ಚಿದ ಕೊಳವೆಗಳಲ್ಲೇ ಇರುತ್ತದೆ. ಅದು ಖರ್ಚಾಗುವುದು ಅತ್ಯಲ್ಪ. ನೀರು ನಿಜವಾಗಿ ಖರ್ಚಾಗುವುದು ಆ ಬಿಸಿಯನ್ನು ಕೂಲಿಂಗ್ ಟವರ್‌ನಲ್ಲಿ ಆವಿಯಾಗಿಸಿ ಬಿಡುವಾಗ. ಒಂದು ಮೆಗಾವ್ಯಾಟ್ ಬಿಸಿಯನ್ನು ಸಂಪೂರ್ಣ ಆವಿಯ ಮೂಲಕವೇ ಕಳೆದರೆ ದಿನಕ್ಕೆ ಸುಮಾರು 36 ಸಾವಿರ ಲೀಟರ್ ನೀರು ಬೇಕು. ಇದು 12 ಸಾವಿರ ಲೀಟರ್‌ನ ಮೂರು ಟ್ಯಾಂಕರ್‌ಗಳಿಗೆ ಸಮ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರಕ್ಕೆ ಸರ್ಕಾರವೇ ಮಿತಿ ಹೇರಬೇಕಾಗಿ ಬಂದ ಬೆಂಗಳೂರಿಗೆ ಈ ಲೆಕ್ಕ ಹೊಸದಾಗಿ ವಿವರಿಸಬೇಕಾದದ್ದಲ್ಲ. ನೀರು ಉಳಿಸಲು ಒಣ ವಿಧಾನ ಅನುಸರಿಸಿದರೆ ವಿದ್ಯುತ್ ಬಿಲ್ ಏರುತ್ತದೆ. ಸಂಸ್ಕರಿಸಿದ ಕೊಳಚೆ ನೀರಿನ ಬಳಕೆ ನಡುವಿನ ದಾರಿಯಾದರೂ ಅದಕ್ಕೆ ಪ್ರತ್ಯೇಕ ಕೊಳವೆ ಜಾಲ, ಶುದ್ಧೀಕರಣದ ವೆಚ್ಚ ಇದ್ದೇ ಇದೆ.

ಹೀಗಾಗಿ ಸರ್ವರ್ ಬಿಸಿ ಎಂಜಿನಿಯರ್‌ಗಳ ಕೊಠಡಿಗಷ್ಟೇ ಸೀಮಿತವಾದ ವಿಷಯವಾಗಿ ಉಳಿದಿಲ್ಲ. ಆಸ್ಪತ್ರೆ, ಬ್ಯಾಂಕ್, ಪಹಣಿ ಎಲ್ಲವೂ ಈ ತೆಳು ಪೆಟ್ಟಿಗೆಗಳನ್ನೇ ನಂಬಿವೆ. ದತ್ತಾಂಶ ಕೇಂದ್ರಕ್ಕೆ ಅನುಮತಿ ನೀಡುವ ಮುನ್ನ ಎಷ್ಟು ಉದ್ಯೋಗ ಎಂದು ಕೇಳುವ ಸರ್ಕಾರಗಳು, ಕಡು ಬೇಸಿಗೆಯ ದಿನ ಅದಕ್ಕೆ ಎಷ್ಟು ನೀರು, ಎಷ್ಟು ವಿದ್ಯುತ್ ಬೇಕು, ಶೀತಲೀಕರಣ ನಿಂತರೆ ಬದಲಿ ವ್ಯವಸ್ಥೆ ಏನು ಎಂಬುದನ್ನೂ ಕೇಳಬೇಕಿದೆ. ಲಂಡನ್ ಆಸ್ಪತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಯಂತ್ರಗಳು ನಿಂತ ಮೇಲೆ.