ಅಂಕಿತವಿಲ್ಲದ ಹಾಡು

ಪಿ. ಬಿ. ಶ್ರೀನಿವಾಸರ ‘ಮಧುರ ಗೀತೆ’ಗಳೆಂದೋ ‘ಅಮರ ಗೀತೆ’ಗಳೆಂದೋ ಹೆಸರಿಟ್ಟುಕೊಂಡು ಬಂದಿರುವ ಸಂಕಲನಗಳಿಗೆ ಲೆಕ್ಕವಿಲ್ಲ. ಗ್ರಾಮಫೋನಿನ ತಟ್ಟೆ ಹೋಗಿ ಕ್ಯಾಸೆಟ್ಟು ಬಂದಿತು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂದಿತು, ಈಗ ಹೆಬ್ಬೆಟ್ಟಿನಷ್ಟೂ ಇಲ್ಲದ ಪೆನ್‌ಡ್ರೈವಿನಲ್ಲಿ ನೂರಾರು ಹಾಡುಗಳು ಅಡಗಿ ಕುಳಿತಿವೆ. ಹೊಸದುರ್ಗದಿಂದ ಹೊಳಲ್ಕೆರೆಯ ಮೇಲೆ ದುರ್ಗಕ್ಕೆ ಬರುವ ಬಸ್ಸು ಹತ್ತಿದವನಿಗೆ ಅವುಗಳಲ್ಲಿ ಹತ್ತನ್ನಾದರೂ ಕೇಳದೆ ಇಳಿಯುವ ಉಪಾಯವಿಲ್ಲ. ಇಳಿಯಬೇಕೆಂದು ನನಗೂ ಅನ್ನಿಸುವುದಿಲ್ಲವೆನ್ನಿ. ಆ ಕಂಠವೇ ಅಂಥದು. ನನ್ನ ಜಗಳ ಹಾಡಿನೊಡನೆ ಅಲ್ಲ, ಹಾಡಿದವರೊಡನೆ ಅಂತೂ ಅಲ್ಲವೇ ಅಲ್ಲ; ಸಂಕಲನ ಮಾಡಿದವರೊಡನೆ.

ಜಗಳದ ಕಾರಣ ಇಷ್ಟೆ. ನಾನು ಕಂಡ ಬಹುಪಾಲು ಸಂಕಲನಗಳಲ್ಲಿ ಹಾಡಿದವರ ಹೆಸರಿದೆ, ತೆರೆಯ ಮೇಲೆ ತುಟಿಯಾಡಿಸಿದ ನಟರ ಚಿತ್ರವಿದೆ. ಹಾಡನ್ನು ಬರೆದವನ ಹೆಸರಿಲ್ಲ. ರಾಗ ಕಟ್ಟಿದವನ ಹೆಸರು ಇದ್ದರೆ ಇದ್ದೀತು. ವರ್ಷವಂತೂ ಕೇಳಲೇಬೇಡಿ. ಇದು ಸಣ್ಣ ಮಾತು ಎನ್ನುವವರಿದ್ದಾರೆ. ಸಣ್ಣ ಮಾತಲ್ಲವೆಂದು ತೋರಿಸುವುದಕ್ಕಾಗಿಯೇ ಈ ಲೇಖನ.

ನಮ್ಮ ಊರಿನ ನಿದರ್ಶನವನ್ನೇ ನೋಡೋಣ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ತೆಗೆದರು. ಅದರಲ್ಲಿ ಓಬವ್ವನ ಕಥೆಯನ್ನು ಹೇಳುವ ಹಾಡೊಂದಿದೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಅದು ಬೇಕು. ಹತ್ತೇ ದಿನ ಕಳೆದರೆ, 2021ರಿಂದ ಸರ್ಕಾರವೇ ನಡೆಸುತ್ತಿರುವ ಓಬವ್ವ ಜಯಂತಿಗೆ ಮತ್ತೆ ಅದೇ ಬೇಕು. ಹಿರಿಯೂರಿನಲ್ಲಿ ಧ್ವನಿವರ್ಧಕ ಕಟ್ಟಿದರೂ ಅದೇ, ಹೊಳಲ್ಕೆರೆಯಲ್ಲಿ ಕಟ್ಟಿದರೂ ಅದೇ. ಈ ನಾಲ್ಕೂ ಊರುಗಳಿಂದ ಬಂದ ಮಕ್ಕಳು ಕುಳಿತಿದ್ದ ತರಗತಿಯಲ್ಲಿ ಒಮ್ಮೆ ಕೇಳಿದೆ: ‘ಓಬವ್ವನ ಹಾಡು ಯಾರದು?’ ‘ವಿಷ್ಣುವರ್ಧನ್ ಅವರದು’ ಎಂದರು ಹಲವರು. ‘ಪಿ.ಬಿ.ಎಸ್. ಅವರದು’ ಎಂದರು ಕೆಲವರು. ಚಿ. ಉದಯಶಂಕರರ ಹೆಸರನ್ನು ಒಬ್ಬರೂ ಹೇಳಲಿಲ್ಲ. ರಾಗ ಹಾಕಿದ ವಿಜಯಭಾಸ್ಕರರ ಹೆಸರೂ ಬರಲಿಲ್ಲ. ಹಾಡು ಮಾತ್ರ ಎಲ್ಲರಿಗೂ ಕಂಠಪಾಠ! ಮಕ್ಕಳನ್ನು ದೂರಿ ಫಲವಿಲ್ಲ. ಅವರ ಕೈಗೆ ಬಂದ ವಸ್ತುವಿನ ಮೇಲೆ ಆ ಹೆಸರುಗಳು ಇರಲೇ ಇಲ್ಲವಷ್ಟೆ.

ಕನ್ನಡಿಗರಿಗೆ ಹಾಡಿನ ಒಡೆಯನ ವಿಷಯದಲ್ಲಿ ಮೊದಲಿನಿಂದಲೂ ಈ ಅನಾಸ್ಥೆ ಇತ್ತೆ? ಇರಲಿಲ್ಲ. ವಚನವೆಂದರೆ ಅದಕ್ಕೊಂದು ಅಂಕಿತವುಂಟು. ಕೀರ್ತನೆಯೆಂದರೆ ಅದಕ್ಕೊಂದು ಮುದ್ರಿಕೆಯುಂಟು. ಅಕ್ಷರ ಬಾರದ ಅಜ್ಜಿಯೂ ಅಂಕಿತವನ್ನು ಬಿಟ್ಟು ವಚನ ಹೇಳುವುದಿಲ್ಲ. ವಚನಗಳ ಅಂಕಿತವನ್ನು ಬದಲಿಸಿತೆಂಬ ಕಾರಣಕ್ಕೆ ಒಂದು ಪುಸ್ತಕವನ್ನು 1998ರಲ್ಲಿ ಸರ್ಕಾರ ನಿಷೇಧಿಸಿತು. ವ್ಯಾಜ್ಯ ದೆಹಲಿಯವರೆಗೆ ನಡೆದು, 2017ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಅಂಕಿತ ಬದಲಾದರೆ ಇಷ್ಟು ದೂರ ಹೋಗುವ ನಾವು, ಅಂಕಿತವೇ ಅಳಿಸಿಹೋದರೆ ತಲೆಯೆತ್ತಿಯೂ ನೋಡುವುದಿಲ್ಲ. ಇದೆಂಥ ನ್ಯಾಯ?

ವ್ಯತ್ಯಾಸ ಎಲ್ಲಿದೆಯೆಂಬುದಕ್ಕೆ ಶ್ರೀನಿವಾಸರ ಹಾಡುಗಳೇ ಸಾಕ್ಷಿ. 1960ರ ‘ಭಕ್ತ ಕನಕದಾಸ’ ಚಿತ್ರದಲ್ಲಿ, ಗುಡಿಯ ಬಾಗಿಲನ್ನು ತೆರೆಯೆಂದು ಹರಿಯನ್ನು ಬೇಡುವ ಕೀರ್ತನೆಯನ್ನು ಅವರು ಹಾಡಿದ್ದಾರೆ. ಅದನ್ನು ಎಷ್ಟು ಸಂಕಲನಗಳಲ್ಲಿ ಹೇಗೆ ತುಂಬಿದರೂ ಅದು ಕನಕದಾಸರದೇ. ಕಾಗಿನೆಲೆಯ ಆದಿಕೇಶವ ಆ ಕೀರ್ತನೆಯ ಒಳಗೇ ಕಾವಲು ಕುಳಿತಿದ್ದಾನೆ. ಉದಯಶಂಕರರ ಹಾಡಿಗೆ, ವಿಜಯನಾರಸಿಂಹರ ಹಾಡಿಗೆ ಒಳಗೆ ಅಂತಹ ಕಾವಲಿಲ್ಲ. ಸಿನಿಮಾ ಹಾಡಿನ ಅಂಕಿತ ಇದ್ದದ್ದು ಹಾಡಿನ ಹೊರಗೆ, ತಟ್ಟೆಯ ನಡುವೆ ಅಂಟಿಸಿದ ದುಂಡು ಕಾಗದದ ಮೇಲೆ. ತಟ್ಟೆ ಹೋದಾಗ ಕಾಗದವೂ ಹೋಯಿತು. ಒಳಗೆ ಬರೆದುಕೊಂಡ ಹೆಸರು ಶತಮಾನಗಳನ್ನು ದಾಟಿತು. ಹೊರಗೆ ಅಂಟಿಸಿದ ಹೆಸರು ಐವತ್ತು ವರ್ಷ ಬಾಳಲಿಲ್ಲ.

ಇದು ನಮ್ಮೊಬ್ಬರ ರೋಗವಲ್ಲ. ಅಮೆರಿಕದ ಕಪ್ಪು ಜನರ ಪ್ರಾರ್ಥನಾಗೀತಗಳ ಉಸಿರನ್ನು ಹೊತ್ತು ಹುಟ್ಟಿದ ‘ಸೋಲ್’ ಸಂಗೀತದಲ್ಲಿ ‘ರೆಸ್ಪೆಕ್ಟ್’ ಎಂಬ ಹಾಡು ಜಗತ್ಪ್ರಸಿದ್ಧ. ಅದನ್ನು ಬರೆದು 1965ರಲ್ಲಿ ಮೊದಲು ಹಾಡಿದವನು ಓಟಿಸ್ ರೆಡಿಂಗ್. 1967ರಲ್ಲಿ ಅರೀತಾ ಫ್ರಾಂಕ್ಲಿನ್ ಹಾಡಿದ ಮೇಲೆ ಲೋಕ ಅದನ್ನು ಆಕೆಯದೆಂದೇ ತಿಳಿಯಿತು. ಆದರೆ ಆಕೆಯ ತಟ್ಟೆಯ ಮೇಲೂ ಬರೆದವನ ಹೆಸರು ಅಚ್ಚಾಗಿತ್ತು. ಹಾಡು ಮನೆ ಬದಲಾಯಿಸಿದರೂ ತಂದೆಯ ಹೆಸರನ್ನು ಕಳೆದುಕೊಳ್ಳಲಿಲ್ಲ. ನಾನು ಕೇಳುವುದೂ ಅಷ್ಟನ್ನೇ.

‘ಕೇಳುವವನಿಗೆ ಹಾಡು ಸಾಕು, ಹೆಸರೇಕೆ? ಜನಪದ ಗೀತೆಗೆ ಕರ್ತೃವುಂಟೆ?’ ಎಂದು ನನ್ನ ಮಿತ್ರರೊಬ್ಬರು ವಾದಿಸುತ್ತಾರೆ. ಕೇಳುವುದಕ್ಕೆ ಇಂಪಾದ ವಾದವೇ. ಆದರೆ ಬೀಸುವ ಕಲ್ಲಿನ ಪದವನ್ನು ಮೊದಲು ಕಟ್ಟಿದವಳ ಹೆಸರು ನಮಗೆ ಸಿಕ್ಕದೆ ಹೋಯಿತು. ಉದಯಶಂಕರರ ಹೆಸರು ಕೈಯಲ್ಲಿದೆ, ಅದನ್ನು ನಾವು ಬಿಸಾಡುತ್ತಿದ್ದೇವೆ. ಕಳೆದುಕೊಂಡವನಿಗೂ ಬಿಸಾಡಿದವನಿಗೂ ಅಂತರವಿಲ್ಲವೆ? ಕಾನೂನೂ ಇದನ್ನು ಬಲ್ಲದು. 1957ರ ಹಕ್ಕುಸ್ವಾಮ್ಯ ಕಾಯಿದೆಯ 57ನೆಯ ಕಲಮು, ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಬರೆದವನಿಗೆ ಉಳಿಸಿದೆ. 2012ರ ತಿದ್ದುಪಡಿ, ಚಿತ್ರಮಂದಿರದ ಹೊರಗೆ ಹಾಡು ಗಳಿಸುವ ಹಣದಲ್ಲಿ ಕವಿಗೂ ಸಂಗೀತಗಾರನಿಗೂ ಪಾಲು ಸಲ್ಲಬೇಕೆಂದಿತು. ಹೆಸರೇ ಇಲ್ಲದ ಮೇಲೆ ಪಾಲನ್ನು ಯಾರ ಮನೆಗೆ ಕೊಂಡೊಯ್ಯುವುದು?

ಇನ್ನು, ಇದರಿಂದ ಗಾಯಕರಿಗಾದರೂ ಗೌರವ ಹೆಚ್ಚಿತೆ? ಅದೂ ಇಲ್ಲ. ಶ್ರೀನಿವಾಸರು 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದವರು; ಮನೆಮಾತು ತೆಲುಗು. ಅವರ ಕನ್ನಡದಲ್ಲಿ ಒಂದು ಹಕಾರ ಹಾರುವುದಿಲ್ಲ, ಒಂದು ಳಕಾರ ಜಾರುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ‘ಹಾಲು’ ‘ಆಲು’ ಆಗುವುದನ್ನು ದಿನವೂ ಕೇಳುವ ನನಗೆ ಇದರ ಬೆಲೆ ಗೊತ್ತು. ಇದು ಬರಿಯ ಕಂಠದ ಸಿದ್ಧಿಯಲ್ಲ. ಮತ್ತೊಬ್ಬ ಬರೆದ ಮಾತಿಗೆ ತಲೆಬಾಗಿದವನ ಸಿದ್ಧಿ. ಅವರು ಸ್ವತಃ ಹಲವು ಭಾಷೆಗಳಲ್ಲಿ ಕವಿತೆ ಬರೆದವರು. ಕವಿಯ ಹೆಸರನ್ನು ಕಿತ್ತುಹಾಕಿ, ಕವಿಯೂ ಆಗಿದ್ದ ಗಾಯಕರಿಗೆ ಹಾರ ಹಾಕುವುದು ಯಾವ ಮರ್ಯಾದೆ? ಮೇಲಾಗಿ, ಈ ಸಂಕಲನಗಳು ಒಂದನ್ನು ನೋಡಿ ಮತ್ತೊಂದು ನಕಲು ಮಾಡಿದ ಹಾಗೆ ಅದೇ ಹಾಡುಗಳನ್ನು ಅದೇ ಸಾಲಿನಲ್ಲಿ ನಿಲ್ಲಿಸುತ್ತವೆ. ರಾಜಕುಮಾರರಿಗೆ ಶಾರೀರವಾದವರೆಂಬುದರಾಚೆಗೆ ಶ್ರೀನಿವಾಸರು ಉಳಿಯುವುದೇ ಇಲ್ಲ. ಕಲ್ಯಾಣಕುಮಾರರಿಗೆ ಹಾಡಿದವರು, ತಮಿಳಿನಲ್ಲಿ ಜೆಮಿನಿ ಗಣೇಶನ್ ಅವರ ದನಿಯಾಗಿದ್ದವರು ಎಲ್ಲಿ ಹೋದರು? 2013ರಲ್ಲಿ ತೀರಿಕೊಂಡವರನ್ನು ಇಪ್ಪತ್ತು ಹಾಡಿಗೆ ಇಳಿಸಿ ‘ಅಮರ’ ಎಂದು ಮೊಹರು ಒತ್ತಿದರೆ ನಮ್ಮ ಋಣ ತೀರಿತೆ?

ಪರಿಹಾರ ಕಷ್ಟದ್ದಲ್ಲ. ಆಕಾಶವಾಣಿಯ ಉದ್ಘೋಷಕರು ಹಾಡಿಗೆ ಮುಂಚೆ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಎಂದು ನಾಲ್ಕು ಹೆಸರು ಹೇಳುತ್ತಿದ್ದರು. ಅದಕ್ಕೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ. ಸಂಕಲನಕಾರರು ಆ ನಾಲ್ಕು ಹೆಸರು, ಜೊತೆಗೊಂದು ಇಸವಿಯನ್ನು ಅಚ್ಚು ಮಾಡಲಿ. ವೇದಿಕೆಯ ಮೇಲೆ ಹಾಡುವವರು ಹೇಳಿ ಹಾಡಲಿ. ನಮ್ಮ ಶಾಲಾ ಕಾಲೇಜುಗಳಲ್ಲಿ ಜಯಂತಿಯ ದಿನ ಹಾಡು ಹಾಕುವ ಮುನ್ನ ಒಬ್ಬ ಹುಡುಗಿ ಎದ್ದು ನಿಂತು ಬರೆದವರ ಹೆಸರು ಹೇಳಲಿ.

ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತವಳನ್ನು ಈ ಊರು ‘ಯಾರೋ ಕಾವಲುಗಾರನ ಹೆಂಡತಿ’ ಎಂದು ಕೈಬಿಡಲಿಲ್ಲ. ಹೆಸರಿಟ್ಟು ನೆನೆಯಿತು, ಕಿಂಡಿಗೂ ಅವಳ ಹೆಸರನ್ನೇ ಇಟ್ಟಿತು. ಅವಳ ಹಾಡನ್ನು ಬರೆದವನಿಗೂ ಅಷ್ಟು ಸಲ್ಲಬೇಕು.